ನೂರಕ್ಕೆ ಎಷ್ಟು ಎಂದು ಹೇಳದ ಅಂಕಪಟ್ಟಿ: ಅಂತರರಾಷ್ಟ್ರೀಯ ಪ್ರೌಢಶಿಕ್ಷಣ ನಡೆಯುವ ಬಗೆ

ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಪ್ರೌಢಶಾಲೆಯಲ್ಲಿ ಓದುವ ಮಗುವಿನ ವರ್ಷಾಂತ್ಯದ ವರದಿಯಲ್ಲಿ ವಿಜ್ಞಾನ ವಿಷಯದ ಎದುರಿಗೆ ನಾಲ್ಕು ಅಂಕಿಗಳಿರುತ್ತವೆ. ‘ಎ’ ಮಾನದಂಡಕ್ಕೆ 6, ‘ಬಿ’ಗೆ 4, ‘ಸಿ’ಗೆ 5, ‘ಡಿ’ಗೆ 3, ಒಟ್ಟು 18, ಗ್ರೇಡ್ 4 ಎಂದು ಬರೆದಿರುವ ಆ ಹಾಳೆಯನ್ನು ನೋಡಿದ ಮೈಸೂರಿನ ತಾತನೊಬ್ಬರು ‘ಅದೆಲ್ಲಾ ಸರಿ, ನೂರಕ್ಕೆ ಎಷ್ಟಾಯಿತು?’ ಎಂದು ಕೇಳುವುದು ತೀರ ಸಹಜ. 625 ಅಂಕಗಳಿಗೆ ಲೆಕ್ಕ ಹಾಕುವ ಎಸ್‌ಎಸ್‌ಎಲ್‌ಸಿಗೆ ಒಗ್ಗಿಹೋದ ಮನೆಗಳಲ್ಲಿ ಇನ್ನಾವ ಪ್ರಶ್ನೆಯೂ ಮೊದಲು ಹೊಳೆಯುವುದಿಲ್ಲ. ಆದರೆ ಆ ನಾಲ್ಕು ಅಂಕಿಗಳನ್ನು ಬಿಡಿಬಿಡಿಯಾಗಿ ಓದಲು ಕಲಿತವರಿಗೆ ಈ ಪಠ್ಯಕ್ರಮದ ಬಹುಪಾಲು ಅರ್ಥವಾಗುತ್ತದೆ. ಶಾಲೆಗಳ ಕರಪತ್ರಗಳಲ್ಲಿ ಧಾರಾಳವಾಗಿ ಕಾಣುವ ‘ಸರ್ವತೋಮುಖ ಬೆಳವಣಿಗೆ’ ನಿಜವಾಗಿಯೂ ನಡೆಯುತ್ತಿದೆಯೇ ಎಂಬುದೂ ಗೊತ್ತಾಗುವುದು ಅಲ್ಲಿಯೇ; ಏಕೆಂದರೆ ಯಾವ ಗುಣಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲವೋ, ಮೌಲ್ಯಮಾಪನದಲ್ಲಿ ಪಾಲಿಲ್ಲವೋ, ಆ ಗುಣವನ್ನು ಶಾಲೆ ಬೆಳೆಸುತ್ತದೆ ಎಂಬ ಮಾತನ್ನು ನಂಬಲು ಕಾರಣಗಳಿರುವುದಿಲ್ಲ.

ಮೊದಲಿಗೆ ಒಂದು ಎಚ್ಚರಿಕೆ. ಫಲಕದ ಮೇಲೆ ‘ಇಂಟರ್‌ನ್ಯಾಷನಲ್’ ಎಂದಿರುವ ಎಷ್ಟೋ ಶಾಲೆಗಳು ಬೋಧಿಸುವುದು ಸಿಬಿಎಸ್‌ಇ ಪಠ್ಯಕ್ರಮವನ್ನು; ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಈ ಲೇಖನದ ವಿಷಯ ಅದಲ್ಲ. ನಮ್ಮಲ್ಲಿ ಅಂತರರಾಷ್ಟ್ರೀಯ ಪ್ರೌಢಶಿಕ್ಷಣವೆಂದರೆ ಮುಖ್ಯವಾಗಿ ಎರಡು ಧಾರೆಗಳು. ಒಂದು, 1968ರಲ್ಲಿ ಜಿನೀವಾದಲ್ಲಿ ಆರಂಭಗೊಂಡ ಐಬಿ. ಇನ್ನೊಂದು, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಪರೀಕ್ಷಾ ಸಂಸ್ಥೆ ನಡೆಸುವ, ಹತ್ತನೆಯ ತರಗತಿಗೆ ಸಮನಾದ ಐಜಿಸಿಎಸ್‌ಇ ಮತ್ತು ಹನ್ನೆರಡನೆಯದಕ್ಕೆ ಸಮನಾದ ‘ಎ’ ಲೆವೆಲ್‌ಗಳ ಮೂಲಕ ಪರಿಚಿತವಾಗಿರುವ ಧಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದರೂ ಅವುಗಳ ಸ್ವಭಾವದಲ್ಲಿ ಸಾಕಷ್ಟು ಅಂತರವಿದೆ.

ಐಬಿಯಲ್ಲಿ 11ರಿಂದ 16 ವರ್ಷದ ಮಕ್ಕಳಿಗೆಂದು ಇರುವುದು ಮಿಡಲ್ ಇಯರ್ಸ್ ಪ್ರೋಗ್ರಾಂ, ಸಂಕ್ಷೇಪವಾಗಿ ಎಂವೈಪಿ. ನಮ್ಮ ಲೆಕ್ಕದಲ್ಲಿ ಆರರಿಂದ ಹತ್ತನೆಯ ತರಗತಿಯವರೆಗಿನ ಐದು ವರ್ಷ. ಭಾಷೆ ಮತ್ತು ಸಾಹಿತ್ಯ, ಎರಡನೆಯ ಭಾಷೆಯ ಕಲಿಕೆ, ಸಮಾಜ ವಿಷಯಗಳು, ವಿಜ್ಞಾನ, ಗಣಿತ, ಕಲೆ, ದೈಹಿಕ ಮತ್ತು ಆರೋಗ್ಯ ಶಿಕ್ಷಣ, ವಿನ್ಯಾಸ ಎಂಬ ಎಂಟು ವಿಷಯ ಗುಂಪುಗಳಿದ್ದು, ಪ್ರತಿಯೊಂದಕ್ಕೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಬೋಧನೆ ಇರಲೇಬೇಕು ಎಂಬುದು ನಿಯಮ. ಕೊನೆಯ ಎರಡು ವರ್ಷಗಳಲ್ಲಿ ಎಂಟರ ಬದಲು ಆರು ಗುಂಪುಗಳಿಗೆ ಇಳಿಸಿಕೊಳ್ಳುವ ಅವಕಾಶವನ್ನು ಶಾಲೆಗಳಿಗೆ ಕೊಡಲಾಗಿದೆ. ಈ ನಿಯಮದ ಬಲ ಎಲ್ಲಿದೆಯೆಂದರೆ, ಚಿತ್ರಕಲೆ ಅಥವಾ ಆಟದ ಪಿರಿಯಡ್ ಅನ್ನು ಗಣಿತದ ಮೇಷ್ಟ್ರು ‘ಪೋರ್ಷನ್ ಮುಗಿದಿಲ್ಲ’ ಎಂದು ಸುಲಭವಾಗಿ ಎತ್ತಿಕೊಳ್ಳುವಂತಿಲ್ಲ. ಕಲೆಗೂ ನಾಲ್ಕು ಮಾನದಂಡಗಳಿವೆ, ಆಟಕ್ಕೂ ನಾಲ್ಕಿವೆ, ಅವುಗಳಿಗೂ ಗಣಿತದಷ್ಟೇ ತೂಕದ ಗ್ರೇಡ್ ಬರೆಯಬೇಕಾಗುತ್ತದೆ.

ಮಾನದಂಡಗಳು ಅಂದರೇನೆಂದು ತಿಳಿಯಲು ಮಂಡ್ಯ ಸೀಮೆಯ ಆಲೆಮನೆಯನ್ನೇ ಒಂದು ವಿಜ್ಞಾನ ಪಾಠವೆಂದು ಭಾವಿಸೋಣ. ವಿಜ್ಞಾನಕ್ಕಿರುವ ನಾಲ್ಕು ಮಾನದಂಡಗಳು ಇವು: ವಿಷಯದ ಅರಿವು, ಪ್ರಯೋಗದ ಯೋಜನೆ, ದತ್ತಾಂಶದ ವಿಶ್ಲೇಷಣೆ, ವಿಜ್ಞಾನದ ಪರಿಣಾಮಗಳ ಕುರಿತ ಚಿಂತನೆ. ಕಬ್ಬಿನ ಹಾಲು ಕುದಿಯುತ್ತ ನೀರಿನಂಶ ಆರಿದಂತೆಲ್ಲ ಅದರ ಕುದಿಬಿಂದು ಏಕೆ ಏರುತ್ತದೆ, ಪಾಕ ಬರುವ ಹೊತ್ತಿಗೆ ಕೊಪ್ಪರಿಗೆಯ ಉಷ್ಣತೆ ನೂರು ಡಿಗ್ರಿಯನ್ನು ಏಕೆ ಬಹಳ ದಾಟಿರುತ್ತದೆ ಎಂಬುದನ್ನು ವಿದ್ಯಾರ್ಥಿನಿ ವಿವರಿಸಬಲ್ಲಳಾದರೆ ಅದು ‘ಎ’. ಬೆಂಡೆ ಗಿಡದ ಲೋಳೆಯನ್ನು ಹಾಕಿದಾಗ ಹಾಲಿನ ಕಸರು ಎಷ್ಟರಮಟ್ಟಿಗೆ ಮೇಲೆದ್ದು ಬರುತ್ತದೆ ಎಂಬುದನ್ನು ಪರೀಕ್ಷಿಸಲು ಏನನ್ನು ಬದಲಿಸಬೇಕು, ಏನನ್ನು ಸ್ಥಿರವಾಗಿಡಬೇಕು, ಏನನ್ನು ಅಳೆಯಬೇಕು ಎಂದು ತಾನೇ ಯೋಜಿಸಿ ಬರೆಯುವುದು ‘ಬಿ’. ಶಾಲೆಯ ಪ್ರಯೋಗಾಲಯದಲ್ಲಿ ಸಣ್ಣ ಪಾತ್ರೆಯಲ್ಲಿ ಕಾಯಿಸಿ ದೊರೆತ ಅಳತೆಗಳನ್ನು ಪಟ್ಟಿ ಮಾಡಿ, ನಕ್ಷೆ ಎಳೆದು, ತನ್ನ ವಿಧಾನದಲ್ಲಿ ಎಲ್ಲಿ ದೋಷ ನುಸುಳಿರಬಹುದೆಂದು ತರ್ಕಿಸುವುದು ‘ಸಿ’. ಬೆಲ್ಲಕ್ಕೆ ಹೊಳಪಿನ ಹಳದಿ ಬಣ್ಣ ಬರಲೆಂದು ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಬಳಸುವುದೇಕೆ, ಬಣ್ಣ ನೋಡಿ ಬೆಲೆ ಕಟ್ಟುವ ಮಾರುಕಟ್ಟೆ ಅದಕ್ಕೆ ಎಷ್ಟು ಹೊಣೆ, ಕೊಳ್ಳುವವರ ಆರೋಗ್ಯ ಎಷ್ಟು ಮುಖ್ಯ ಎಂದು ವಾದಗಳನ್ನು ತೂಗಿ ಬರೆಯುವುದು ‘ಡಿ’. ನಮ್ಮ ಸಾಮಾನ್ಯ ಪರೀಕ್ಷೆಗಳು ಅಳೆಯುವುದು ಹೆಚ್ಚಾಗಿ ಮೊದಲನೆಯದನ್ನು ಮಾತ್ರ. ಇಲ್ಲಿ ಅದು ನಾಲ್ಕರಲ್ಲಿ ಒಂದು ಪಾಲು.

ಪ್ರತಿ ಮಾನದಂಡಕ್ಕೂ ಗರಿಷ್ಠ 8. ಈ ಎಂಟನ್ನು ಎರಡೆರಡರ ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ, ಯಾವ ಪಟ್ಟಿಯಲ್ಲಿರುವ ಮಗು ಏನು ಮಾಡಬಲ್ಲದು ಎಂದು ಮೊದಲೇ ಬರೆದಿಡಲಾಗಿರುತ್ತದೆ. ಕೊನೆಯ ವರ್ಷದ ವಿಜ್ಞಾನದ ‘ಎ’ ಮಾನದಂಡದಲ್ಲಿ ಸಂಗತಿಯನ್ನು ಬರಿದೆ ಹೇಳಬಲ್ಲವರು 1–2ರಲ್ಲಿ, ಅದರ ರೂಪರೇಖೆ ಕೊಡಬಲ್ಲವರು 3–4ರಲ್ಲಿ, ವರ್ಣಿಸಬಲ್ಲವರು 5–6ರಲ್ಲಿ, ಕಾರಣಸಹಿತ ವಿವರಿಸಬಲ್ಲವರು 7–8ರಲ್ಲಿ ನಿಲ್ಲುತ್ತಾರೆ. ಶಿಕ್ಷಕರು ವರ್ಷದಲ್ಲಿ ಪ್ರತಿ ಮಾನದಂಡವನ್ನು ಕನಿಷ್ಠ ಎರಡು ಬಾರಿ ಪರೀಕ್ಷಿಸಬೇಕು. ಆದರೆ ಕೊನೆಯಲ್ಲಿ ಸರಾಸರಿ ತೆಗೆಯುವುದಿಲ್ಲ. ಜೂನ್‌ನಲ್ಲಿ 3 ಪಡೆದು ಫೆಬ್ರವರಿಯ ಹೊತ್ತಿಗೆ 6ರ ಮಟ್ಟದ ಕೆಲಸ ಮಾಡುತ್ತಿರುವ ಹುಡುಗನಿಗೆ ನಾಲ್ಕೂವರೆ ಎಂದು ಬರೆಯುವುದು ಅವನ ಇಂದಿನ ಸಾಮರ್ಥ್ಯದ ಬಗ್ಗೆ ಸುಳ್ಳು ಹೇಳಿದಂತೆ ಎಂಬುದು ಇದರ ಹಿಂದಿನ ತರ್ಕ. ಎಲ್ಲ ಸಾಕ್ಷ್ಯವನ್ನೂ ನೋಡಿ, ಯಾವ ಮಟ್ಟದ ವಿವರಣೆ ಅವನಿಗೆ ಹೆಚ್ಚು ಹೊಂದುತ್ತದೆಯೋ ಅದನ್ನು ಕೊಡಲಾಗುತ್ತದೆ. ನಾಲ್ಕೂ ಸೇರಿ 32ಕ್ಕೆ ಬಂದ ಮೊತ್ತವನ್ನು 1ರಿಂದ 7ರವರೆಗಿನ ಗ್ರೇಡ್‌ಗೆ ತಿರುಗಿಸುತ್ತಾರೆ: 15ರಿಂದ 18ರವರೆಗೆ ಗ್ರೇಡ್ 4, 19ರಿಂದ 23ರವರೆಗೆ 5, 28ರಿಂದ 32ರವರೆಗೆ 7. ಮೇಲೆ ಹೇಳಿದ ವರದಿಯ ಮಗುವಿಗೆ 5 ಸಿಗಲು ಒಂದೇ ಒಂದು ಅಂಕ ಕಡಿಮೆಯಿತ್ತು, ಅದರ ಕೊರತೆ ಇದ್ದದ್ದು ವಿಷಯಜ್ಞಾನದಲ್ಲಿ ಅಲ್ಲ, ಪ್ರಯೋಗ ಯೋಜಿಸುವುದರಲ್ಲಿ ಮತ್ತು ಪರಿಣಾಮಗಳನ್ನು ಚಿಂತಿಸಿ ಬರೆಯುವುದರಲ್ಲಿ. ಇಂಥ ಮಗುವನ್ನು ಸಂಜೆಯ ಟ್ಯೂಷನ್‌ಗೆ ಕಳಿಸಿ ಇನ್ನಷ್ಟು ಸೂತ್ರಗಳನ್ನು ಕಂಠಪಾಠ ಮಾಡಿಸಿದರೆ ಈಗಾಗಲೇ 6 ಇರುವ ಕಡೆಯೇ ಮತ್ತೆ ಶ್ರಮ ಸುರಿದಂತಾಗುತ್ತದೆ.

ಇನ್ನು ಪಾಠ ಹೆಣೆಯುವ ಕ್ರಮ. ಎಂವೈಪಿಯಲ್ಲಿ ಐಬಿ ಸಂಸ್ಥೆ ‘ಈ ಪುಸ್ತಕದ ಈ ಅಧ್ಯಾಯ’ ಎಂದು ಗೊತ್ತುಮಾಡಿ ಕೊಡುವುದಿಲ್ಲ. ಚೌಕಟ್ಟನ್ನು ಕೊಟ್ಟು, ಒಳಗಿನ ವಸ್ತುವನ್ನು ಆರಿಸುವ ಕೆಲಸವನ್ನು ಶಾಲೆಗೆ ಬಿಡುತ್ತದೆ. ಪ್ರತಿ ಘಟಕಕ್ಕೂ ಒಂದು ಪ್ರಧಾನ ಪರಿಕಲ್ಪನೆ, ಅದಕ್ಕೆ ಸೇರಿದ ಉಪಪರಿಕಲ್ಪನೆಗಳು, ಮತ್ತು ಆರು ಜಾಗತಿಕ ಸಂದರ್ಭಗಳಲ್ಲಿ ಒಂದು ಇರಬೇಕು. ಈ ಶಾಲೆಗಳು ಎಲ್ಲೋ ಯುರೋಪಿನ ಪಾಠವನ್ನು ಇಲ್ಲಿ ಓದಿಸುತ್ತವೆ ಎಂಬ ಅನುಮಾನ ನಮ್ಮಲ್ಲಿ ಸಾಮಾನ್ಯ, ಕೆಲವೆಡೆ ಅದು ನಿಜವೂ ಹೌದು. ಆದರೆ ಚೌಕಟ್ಟೇ ಅದಕ್ಕೆ ಕಾರಣವಲ್ಲ. ‘ವ್ಯವಸ್ಥೆ’ ಎಂಬ ಪರಿಕಲ್ಪನೆ, ‘ಸಂಪನ್ಮೂಲ’ ಎಂಬ ಉಪಪರಿಕಲ್ಪನೆ, ‘ನ್ಯಾಯ ಮತ್ತು ಅಭಿವೃದ್ಧಿ’ ಎಂಬ ಸಂದರ್ಭ ಇವನ್ನು ಇಟ್ಟುಕೊಂಡ ಸಮಾಜ ವಿಷಯದ ಶಿಕ್ಷಕಿಯೊಬ್ಬರಿಗೆ ಕೃಷ್ಣರಾಜಸಾಗರಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. 124.80 ಅಡಿಯ ಗರಿಷ್ಠ ಮಟ್ಟಕ್ಕೆ ಇಂದು ಎಷ್ಟು ಕಡಿಮೆ ಎಂದು ಈ ಭಾಗದ ಜನ ಮಳೆಗಾಲದುದ್ದಕ್ಕೂ ಪತ್ರಿಕೆಯಲ್ಲಿ ನೋಡುತ್ತಿರುತ್ತಾರೆ. ಅಣೆಕಟ್ಟು ಎಷ್ಟು ನೀರು ಹಿಡಿಯುತ್ತದೆ ಎಂಬುದು ಸಂಗತಿಯ ಪ್ರಶ್ನೆ. ವ್ಯವಸ್ಥೆಯೊಂದರ ಒಂದು ಭಾಗದಲ್ಲಿ ಮಾಡಿದ ಬದಲಾವಣೆ ಇನ್ನೊಂದು ಭಾಗವನ್ನು ಹೇಗೆ ತಟ್ಟುತ್ತದೆ ಎಂಬುದು ಪರಿಕಲ್ಪನೆಯ ಪ್ರಶ್ನೆ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಹರಿಸುವಾಗ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಮದ್ದೂರು, ಮಳವಳ್ಳಿ ರೈತರಿಗೆ ಮೊದಲ ಹಕ್ಕು ಇರಬೇಕೇ ಎಂಬುದು ಚರ್ಚೆಯ ಪ್ರಶ್ನೆ. ಎಂವೈಪಿ ಘಟಕದಲ್ಲಿ ಈ ಮೂರೂ ಬಗೆಯ ಪ್ರಶ್ನೆಗಳು ಇರಬೇಕೆಂಬ ನಿರೀಕ್ಷೆಯಿದೆ. ಹೀಗೆ ಪಾಠ ಕಟ್ಟುವುದಕ್ಕೆ ಸಿದ್ಧ ಗೈಡ್ ಸಿಗುವುದಿಲ್ಲವಾದ್ದರಿಂದ ಶಿಕ್ಷಕರ ಅಧ್ಯಯನವೇ ಪಠ್ಯಪುಸ್ತಕವಾಗುತ್ತದೆ, ಶಿಕ್ಷಕರು ದುರ್ಬಲರಾದರೆ ಇಡೀ ಏರ್ಪಾಡು ಕುಸಿಯುತ್ತದೆ. ರಾಜ್ಯ ಪಠ್ಯಕ್ರಮದಲ್ಲಿ ಶಿಕ್ಷಕರು ಸಾಧಾರಣವಾಗಿದ್ದರೂ ಪುಸ್ತಕವಾದರೂ ಮಗುವಿನ ಕೈಯಲ್ಲಿರುತ್ತದೆ. ಈ ಒಂದು ಅಂಶದಲ್ಲಿ ಅದೇ ಹೆಚ್ಚು ಸುರಕ್ಷಿತ ಎಂದು ಹೇಳಲು ನನಗೆ ಸಂಕೋಚವಿಲ್ಲ.

ವಿದ್ಯಾರ್ಥಿಯ ಬೆಳವಣಿಗೆ ಎಂಬುದನ್ನು ಐಬಿ ಎರಡು ಪಟ್ಟಿಗಳಲ್ಲಿ ಹೇಳುತ್ತದೆ. ಜಿಜ್ಞಾಸೆ, ಪ್ರಾಮಾಣಿಕತೆ, ಮುಕ್ತ ಮನಸ್ಸು, ಸಮತೋಲನ ಮುಂತಾದ ಹತ್ತು ಗುಣಗಳ ಕಲಿಕಾರ್ಥಿ ಚಿತ್ರಣ ಒಂದು. ಸಂವಹನ, ಸಹಕಾರ, ಸ್ವಯಂ ನಿರ್ವಹಣೆ, ಸಂಶೋಧನೆ, ಆಲೋಚನೆ ಎಂಬ ಐದು ಕಲಿಕಾ ಕೌಶಲಗಳ ಪಟ್ಟಿ ಇನ್ನೊಂದು. ಮೊದಲನೆಯದನ್ನು ಎಲ್ಲ ಶಾಲೆಗಳೂ ಗೋಡೆಗೆ ಅಂಟಿಸಿರುತ್ತವೆ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎರಡನೆಯದು ಪ್ರತಿ ಘಟಕದ ಯೋಜನೆಯಲ್ಲಿ ಸೇರಿರಬೇಕು, ಅಂದರೆ ಟಿಪ್ಪಣಿ ಮಾಡಿಕೊಳ್ಳುವುದು, ಮೂಲದ ವಿಶ್ವಾಸಾರ್ಹತೆ ಪರೀಕ್ಷಿಸುವುದು, ವಾರದ ಕೆಲಸವನ್ನು ಹಂಚಿಕೊಂಡು ಮಾಡುವುದು ಇವನ್ನೆಲ್ಲ ಮಗು ತಾನಾಗಿಯೇ ಕಲಿತುಕೊಳ್ಳಲಿ ಎಂದು ಬಿಡದೆ ತರಗತಿಯಲ್ಲಿಯೇ ಕಲಿಸಬೇಕು.

ಇದೆಲ್ಲದರ ಪರೀಕ್ಷೆಯಾಗುವುದು ಕೊನೆಯ ವರ್ಷದ ಪರ್ಸನಲ್ ಪ್ರಾಜೆಕ್ಟ್‌ನಲ್ಲಿ. ಪ್ರತಿ ವಿದ್ಯಾರ್ಥಿಯೂ ತನಗೆ ಆಸಕ್ತಿಯಿರುವ ಒಂದು ಗುರಿಯನ್ನು ತಾನೇ ಆರಿಸಿಕೊಂಡು, ತಿಂಗಳುಗಟ್ಟಲೆ ಅದರ ಬೆನ್ನು ಹತ್ತಿ, ಒಂದು ಫಲಿತಾಂಶವನ್ನು ತಯಾರಿಸಿ, ನಡೆದ ದಾರಿಯ ಕುರಿತು ವರದಿ ಬರೆಯಬೇಕು. ಮೈಸೂರು ಗಂಜೀಫಾ ಎಲೆಗಳ ಒಂದು ಕಟ್ಟನ್ನು ತಾನೇ ಚಿತ್ರಿಸುವುದಾಗಲಿ, ನಂಜನಗೂಡು ರಸಬಾಳೆ ಬೆಳೆಯುವವರು ಕಡಿಮೆಯಾದದ್ದನ್ನು ಕುರಿತ ಕಿರು ಸಾಕ್ಷ್ಯಚಿತ್ರವಾಗಲಿ, ಅಜ್ಜಿಗೆಂದು ಮಾತ್ರೆ ನೆನಪಿಸುವ ಸಣ್ಣ ಯಂತ್ರವಾಗಲಿ, ಯಾವುದೂ ಆಗಬಹುದು. ಪೋಷಕರು ಇಲ್ಲಿ ಎಡವುವುದು ಸಾಮಾನ್ಯ: ಅಂಕ ಸಿಗುವುದು ಗಂಜೀಫಾ ಎಲೆ ಎಷ್ಟು ಚೆಂದ ಬಂದಿದೆ ಎಂಬುದಕ್ಕಲ್ಲ. ಯೋಜನೆ, ಕೌಶಲಗಳ ಬಳಕೆ, ಆತ್ಮಾವಲೋಕನ ಎಂಬ ಮೂರು ಮಾನದಂಡಗಳ ಮೇಲೆ ವರದಿಯನ್ನು ಅಳೆಯಲಾಗುತ್ತದೆ, ಅದರ ಮಾದರಿಗಳನ್ನು ಐಬಿ ಹೊರಗಿನಿಂದ ಮರುಪರಿಶೀಲಿಸುತ್ತದೆ. ಆದ್ದರಿಂದ ಅಂಗಡಿಯವರಿಂದ ಮಾದರಿ ಮಾಡಿಸಿಕೊಂಡು ಬರುವ, ಅಪ್ಪ ರಾತ್ರಿ ಕೂತು ಚಾರ್ಟ್ ಬರೆದುಕೊಡುವ ನಮ್ಮ ಹಳೆಯ ‘ಪ್ರಾಜೆಕ್ಟ್’ ಸಂಸ್ಕೃತಿಗೆ ಇಲ್ಲಿ ಬೆಲೆಯಿಲ್ಲ. ಬಣ್ಣ ಒಡೆದುಹೋದ ಎಲೆಯ ಕಾರಣವನ್ನು ಹುಡುಕಿ, ವಿಧಾನ ಬದಲಿಸಿಕೊಂಡದ್ದನ್ನು ದಾಖಲಿಸಿದ ಮಗುವಿಗೆ ಹೆಚ್ಚಿನ ಅಂಕ ಬರುತ್ತದೆ. ಇದಲ್ಲದೆ ಸಮುದಾಯ ಸೇವೆಯೂ ಪಠ್ಯಕ್ರಮದ ಅಂಗ. ಅದು ವರ್ಷಕ್ಕೊಮ್ಮೆ ಅನಾಥಾಲಯಕ್ಕೆ ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವ ಮಟ್ಟಕ್ಕೆ ಇಳಿಯುವ ಅಪಾಯ ಯಾವಾಗಲೂ ಇದ್ದೇ ಇರುತ್ತದೆ.

ಕೇಂಬ್ರಿಡ್ಜ್ ಧಾರೆ ಇಷ್ಟು ವಿಸ್ತಾರದ ತತ್ತ್ವವನ್ನು ಮುಂದಿಡುವುದಿಲ್ಲ. 11ರಿಂದ 14 ವರ್ಷದವರಿಗೆ ಲೋವರ್ ಸೆಕೆಂಡರಿ, 14ರಿಂದ 16ರವರಿಗೆ 1988ರಿಂದ ಪರೀಕ್ಷೆ ನಡೆಯುತ್ತಿರುವ ಐಜಿಸಿಎಸ್‌ಇ, ಬಳಿಕ ‘ಎಎಸ್’ ಮತ್ತು ‘ಎ’ ಲೆವೆಲ್. ಪ್ರತಿ ವಿಷಯಕ್ಕೂ ಸ್ಪಷ್ಟ ಸಿಲಬಸ್, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು, ಹೊರಗೆ ನಡೆಯುವ ಮೌಲ್ಯಮಾಪನ ಇರುವುದರಿಂದ ನಮ್ಮ ಪೋಷಕರಿಗೆ ಇದು ಬೇಗ ಒಗ್ಗುತ್ತದೆ. ಭೌತ, ರಸಾಯನ, ಜೀವವಿಜ್ಞಾನಗಳಲ್ಲಿ ಬಹುಆಯ್ಕೆಯ ಪತ್ರಿಕೆಗೆ ಶೇ. 30, ಬರವಣಿಗೆಯ ಪತ್ರಿಕೆಗೆ ಶೇ. 50, ಪ್ರಯೋಗ ಅಥವಾ ಅದರ ಬದಲಿ ಪತ್ರಿಕೆಗೆ ಶೇ. 20 ತೂಕವಿದೆ. ಗಮನಿಸಬೇಕಾದದ್ದು ‘ಕೋರ್’ ಮತ್ತು ‘ಎಕ್ಸ್‌ಟೆಂಡೆಡ್’ ಎಂಬ ಎರಡು ಹಂತಗಳನ್ನು. ಕೋರ್ ಪತ್ರಿಕೆ ಬರೆದ ವಿದ್ಯಾರ್ಥಿ ಎಷ್ಟೇ ಚೆನ್ನಾಗಿ ಬರೆದರೂ ‘ಸಿ’ ಗ್ರೇಡ್ ದಾಟುವಂತಿಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟವು ಹತ್ತನೇ ತರಗತಿಯ ಸಮಾನತೆಗೆ ಕನಿಷ್ಠ ಐದು ವಿಷಯಗಳಲ್ಲಿ ‘ಸಿ’ ಅಥವಾ ಮೇಲಿನ ಗ್ರೇಡ್ ಕೇಳುವುದರಿಂದ, ‘ಸ್ವಲ್ಪ ಸುಲಭವಾಗಲಿ’ ಎಂದು ಮಗುವನ್ನು ಕೋರ್‌ಗೆ ಹಾಕಿಸುವ ಪೋಷಕರು ಒಂದು ಮೆಟ್ಟಿಲು ಜಾರಿದರೂ ಉಳಿಯಲು ಜಾಗವಿಲ್ಲದ ಸ್ಥಿತಿಯನ್ನು ತಾವೇ ತಂದುಕೊಂಡಂತಾಗುತ್ತದೆ.

ಹನ್ನೊಂದು, ಹನ್ನೆರಡನೆಯ ತರಗತಿಗೆ ಸಮನಾದ ಐಬಿ ಡಿಪ್ಲೊಮಾದಲ್ಲಿ ಆರು ವಿಷಯಗಳಿದ್ದು, ಸಾಮಾನ್ಯವಾಗಿ ಮೂರನ್ನು 240 ಗಂಟೆಗಳ ಉನ್ನತ ಮಟ್ಟದಲ್ಲಿ, ಮೂರನ್ನು 150 ಗಂಟೆಗಳ ಸಾಧಾರಣ ಮಟ್ಟದಲ್ಲಿ ಓದಬೇಕು. ಪ್ರತಿಯೊಂದಕ್ಕೂ 7ರಂತೆ 42, ಜೊತೆಗೆ 4,000 ಪದಗಳ ಮಿತಿಯ ಸಂಶೋಧನಾ ಪ್ರಬಂಧ ಮತ್ತು ಜ್ಞಾನಮೀಮಾಂಸೆಯ ಪತ್ರಿಕೆ ಎರಡೂ ಸೇರಿ 3, ಒಟ್ಟು 45 ಅಂಕ. ಉತ್ತೀರ್ಣರಾಗಲು ಇತರ ಷರತ್ತುಗಳೊಂದಿಗೆ 24 ಬೇಕು. ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಎಂಬ ಮೂರನ್ನು ಕೂಡಿಸಿದ ‘ಸಿಎಎಸ್’ಗೆ ಅಂಕವೇ ಇಲ್ಲ, ಆದರೆ ಸುಮಾರು 18 ತಿಂಗಳು ನಡೆಯುವ ಅದನ್ನು ಪೂರೈಸದವರಿಗೆ ಉಳಿದೆಲ್ಲದರಲ್ಲೂ 7 ಬಂದಿದ್ದರೂ ಡಿಪ್ಲೊಮಾ ದೊರೆಯುವುದಿಲ್ಲ. ಪಿಯುಸಿ ಎಂದರೆ ಎರಡು ವರ್ಷದ ಕೋಚಿಂಗ್ ಎಂದು ಒಪ್ಪಿಕೊಂಡಿರುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು.

ಮಾಡಿ ಕಲಿಯುವ ಈ ತತ್ತ್ವ ನಮಗೆ ಹೊರಗಿನಿಂದ ಬಂದ ಹೊಸತೇನಲ್ಲ. ಕೈಕಸುಬಿನ ಮೂಲಕ ಕಲಿಸುವ ಮೂಲಶಿಕ್ಷಣದ ಯೋಜನೆಯನ್ನು ಗಾಂಧೀಜಿ 1937ರಲ್ಲಿಯೇ ಮುಂದಿಟ್ಟಿದ್ದರು. ಮಾನಸಗಂಗೋತ್ರಿಯ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತ, ತನ್ನದೇ ಪ್ರಾತ್ಯಕ್ಷಿಕೆ ಶಾಲೆಯಲ್ಲಿ ಅವರಿಗೆ ಬೋಧನೆಯ ಅಭ್ಯಾಸ ಕೊಡಿಸುತ್ತಿದೆ. ನಮ್ಮಲ್ಲಿ ಕೊರತೆ ಇದ್ದದ್ದು ತತ್ತ್ವಕ್ಕಲ್ಲ. ಕೊನೆಯ ಪರೀಕ್ಷೆ ಅದನ್ನು ಅಳೆಯುತ್ತಿರಲಿಲ್ಲ, ಅಳೆಯದ್ದನ್ನು ಶಾಲೆಗಳು ಕೈಬಿಟ್ಟವು.

ಕನ್ನಡದ ಪ್ರಶ್ನೆಗೆ ಬಂದರೆ ಎರಡು ಧಾರೆಗಳ ವ್ಯತ್ಯಾಸ ಎದ್ದು ಕಾಣುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು, ಅದನ್ನು ಹಂತಹಂತವಾಗಿ ಜಾರಿಗೆ ತರಬೇಕೆಂದು ವಿಧಿಸುತ್ತದೆ. ಐಜಿಸಿಎಸ್‌ಇ ವಿಷಯಪಟ್ಟಿಯಲ್ಲಿ ಹಿಂದಿ, ಫ್ರೆಂಚ್ ಇವೆ, ಕನ್ನಡ ಇಲ್ಲ. ಆದ್ದರಿಂದ ಒಂಬತ್ತು, ಹತ್ತರಲ್ಲಿ ಕನ್ನಡ ಪರೀಕ್ಷೆಯಿಲ್ಲದ ಪಿರಿಯಡ್ ಆಗಿ, ಮಕ್ಕಳು ಅದರತ್ತ ಗಮನ ಕೊಡುವುದು ಕಡಿಮೆಯಾಗುತ್ತದೆ. ಎಂವೈಪಿಯಲ್ಲಿ ಭಾಷೆಗಳ ಮೌಲ್ಯಮಾಪನವನ್ನು ಶಾಲೆಯೇ ನಡೆಸಬಹುದಾದ್ದರಿಂದ ಕನ್ನಡವನ್ನು ಪೂರ್ಣಪ್ರಮಾಣದ ವಿಷಯವಾಗಿ, ನಾಲ್ಕು ಮಾನದಂಡಗಳ ಮೇಲೆ ಕಲಿಸಲು ಅಡ್ಡಿಯಿಲ್ಲ. ಪ್ರತಿ ಐಬಿ ಶಾಲೆಯೂ ಮಾತೃಭಾಷೆಗೆ ತಾನು ಕೊಡುವ ಬೆಂಬಲವನ್ನು ಒಳಗೊಂಡ ಲಿಖಿತ ಭಾಷಾ ನೀತಿಯನ್ನು ಇಟ್ಟುಕೊಂಡಿರಬೇಕು. ಡಿಪ್ಲೊಮಾದಲ್ಲಿಯೂ ಶಾಲೆಯಲ್ಲಿ ಬೋಧಕರಿಲ್ಲದ ಭಾಷೆಯ ಸಾಹಿತ್ಯವನ್ನು ಶಾಲೆಯ ಮಾರ್ಗದರ್ಶನದಲ್ಲಿ ಸ್ವಯಂ ಅಧ್ಯಯನ ಮಾಡುವ ದಾರಿಯಿದೆ. ಅವಕಾಶ ಇರುವುದು ಬೇರೆ, ಅದನ್ನು ಬಳಸುವ ಮನಸ್ಸಿರುವುದು ಬೇರೆ. ಭಾಷಾ ನೀತಿಯ ಪ್ರತಿಯನ್ನು ಕೇಳಿ ಓದಿದರೆ ಶಾಲೆಯ ಮನಸ್ಸು ತಿಳಿಯುತ್ತದೆ.

ನಿಜವಾದ ತೊಡಕು ಎದುರಾಗುವುದು ಮಗು ಈ ಧಾರೆಯಿಂದ ನಮ್ಮ ಕಾಲೇಜುಗಳ ಕಡೆಗೆ ತಿರುಗುವಾಗ. ಹತ್ತರ ನಂತರ ಮೈಸೂರಿನಲ್ಲಿಯೇ ಪಿಯುಸಿ ಓದಿಸುವ ಯೋಚನೆಯಿದ್ದರೆ ಐಜಿಸಿಎಸ್‌ಇ ವಿದ್ಯಾರ್ಥಿ ಮೇ–ಜೂನ್ ಬದಲು ಭಾರತದಲ್ಲಿ ಲಭ್ಯವಿರುವ ಮಾರ್ಚ್ ಸರಣಿಯಲ್ಲಿ ಪರೀಕ್ಷೆ ಬರೆಯುವುದು ಲೇಸು. ಇಲ್ಲದಿದ್ದರೆ ಫಲಿತಾಂಶ ಬರುವಷ್ಟರಲ್ಲಿ ಆಗಸ್ಟ್ ಆಗಿ, ಕಾಲೇಜು ಆರಂಭವಾಗಿ ತಿಂಗಳುಗಳೇ ಕಳೆದಿರುತ್ತವೆ. ಎಂವೈಪಿಯಲ್ಲಿ ಕಂಪ್ಯೂಟರ್ ಮೇಲೆ ಬರೆಯುವ ಬಾಹ್ಯ ಪರೀಕ್ಷೆ ಐಚ್ಛಿಕವಾಗಿರುವುದರಿಂದ, ಶಾಲೆ ಅದನ್ನು ನಡೆಸುತ್ತದೆಯೇ ಅಥವಾ ಕೊನೆಯ ಎರಡು ವರ್ಷ ಐಜಿಸಿಎಸ್‌ಇಗೆ ಹೊರಳುತ್ತದೆಯೇ ಎಂದು ಆರನೆಯ ತರಗತಿಗೆ ಸೇರಿಸುವಾಗಲೇ ಕೇಳಬೇಕು.

ವೈದ್ಯಕೀಯದ ಕನಸಿರುವವರಿಗೆ ಇನ್ನೂ ಬಿಗಿಯಾದ ಗಂಟೊಂದಿದೆ. ನೀಟ್ ಅರ್ಹತೆಗೆ ಭೌತ, ರಸಾಯನ, ಜೀವವಿಜ್ಞಾನ ಮೂರೂ ಬೇಕು. ಡಿಪ್ಲೊಮಾದ ಆರು ಗುಂಪುಗಳ ಸಾಮಾನ್ಯ ರಚನೆಯಲ್ಲಿ ವಿಜ್ಞಾನ ಗುಂಪಿನಿಂದ ಒಂದು, ಕಲೆಯ ಜಾಗದಲ್ಲಿ ಇನ್ನೊಂದು ಎಂದು ಎರಡು ವಿಜ್ಞಾನಗಳಷ್ಟೇ ಹಿಡಿಸುತ್ತವೆ. ಮೂರನೆಯದನ್ನು ಸೇರಿಸಲು ವಿಶ್ವವಿದ್ಯಾಲಯದ ಪ್ರವೇಶ ನಿಯಮವನ್ನು ತೋರಿಸಿ, ವಿಶೇಷ ಅನುಮತಿಯ ‘ನಾನ್ ರೆಗ್ಯುಲರ್’ ಡಿಪ್ಲೊಮಾಕ್ಕೆ ಶಾಲೆಯು ಐಬಿಯನ್ನು ಕೋರಬೇಕು. ಅದನ್ನು ಪಡೆದರೂ ನೀಟ್ ಪ್ರಶ್ನೆಗಳು ಎನ್‌ಸಿಇಆರ್‌ಟಿ ಪುಸ್ತಕಗಳ ಜಾಡಿನಲ್ಲಿರುವುದರಿಂದ ಮಗು ಎರಡು ಓದುಗಳನ್ನು ಒಟ್ಟಿಗೆ ಹೊರಬೇಕಾಗುತ್ತದೆ. ಎಂಜಿನಿಯರಿಂಗ್‌ಗೆ ಕೆಇಎ ರ‍್ಯಾಂಕ್ ಕೊಡುವಾಗ ಸಿಇಟಿಗೆ ಅರ್ಧ, ಹನ್ನೆರಡನೆಯ ತರಗತಿಯ ಅಂಕಗಳಿಗೆ ಅರ್ಧ ತೂಕವಿರುವುದರಿಂದ, 7ರ ಗ್ರೇಡ್ ಶೇಕಡಾವಾರು ಅಂಕಕ್ಕೆ ಹೇಗೆ ಪರಿವರ್ತನೆಯಾಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮೇ ತಿಂಗಳ ಡಿಪ್ಲೊಮಾ ಪರೀಕ್ಷೆಯ ಫಲಿತಾಂಶ ಹೊರಬೀಳುವುದು ಜುಲೈ ಮೊದಲ ವಾರದಲ್ಲಿ. ವಿದೇಶದ ವಿಶ್ವವಿದ್ಯಾಲಯಗಳು ಅದಕ್ಕೂ ಮೊದಲು ಶಿಕ್ಷಕರು ಕೊಡುವ ನಿರೀಕ್ಷಿತ ಗ್ರೇಡ್‌ಗಳ ಮೇಲೆ ಷರತ್ತಿನ ಪ್ರವೇಶ ಕೊಟ್ಟಿರುತ್ತವೆ, ಇಲ್ಲಿನ ಕೌನ್ಸೆಲಿಂಗ್ ಕೇಳುವುದು ಅಂತಿಮ ಅಂಕಪಟ್ಟಿಯನ್ನು.

ಶಾಲೆ ನೋಡಲು ಹೋದಾಗ ಈಜುಕೊಳವನ್ನೂ ಸಭಾಂಗಣವನ್ನೂ ತಪ್ಪದೆ ತೋರಿಸುತ್ತಾರೆ. ಅದರ ನಂತರ ಕಳೆದ ವರ್ಷದ ಮೂರು ಪರ್ಸನಲ್ ಪ್ರಾಜೆಕ್ಟ್ ವರದಿಗಳನ್ನು, ಅವುಗಳಲ್ಲಿ ಒಂದಾದರೂ ಕಡಿಮೆ ಗ್ರೇಡ್ ಪಡೆದದ್ದನ್ನು, ಮತ್ತು ಶಿಕ್ಷಕರ ಟಿಪ್ಪಣಿಯಿರುವ ವಿಜ್ಞಾನದ ಒಂದು ಕಾರ್ಯಹಾಳೆಯನ್ನು ನೋಡಲು ಕೇಳಬೇಕು. ಹೆಸರು ಮರೆಮಾಡಿ ಕೊಟ್ಟರೂ ಸಾಕು. ಟಿಪ್ಪಣಿಯಲ್ಲಿ ‘ಉತ್ತಮ’, ‘ಇನ್ನೂ ಶ್ರಮಿಸು’ ಎಂದಷ್ಟೇ ಇದ್ದರೆ ಅಲ್ಲಿ ಮಾನದಂಡಗಳು ಹೆಸರಿಗೆ ಮಾತ್ರ ಇವೆ ಎಂದು ತಿಳಿಯಬಹುದು. ‘ನಿನ್ನ ಯೋಜನೆಯಲ್ಲಿ ಪಾತ್ರೆಯ ಅಗಲ ಬದಲಾಗುತ್ತಿದೆ, ಹಾಗಾದರೆ ಆವಿಯಾದದ್ದು ಕಾಯಿಸಿದ ಹೊತ್ತಿನಿಂದಲೋ ಅಗಲದಿಂದಲೋ ಎಂದು ಹೇಗೆ ಹೇಳುತ್ತೀಯೆ?’ ಎಂಬಂಥ ಮಾತು ಅಂಚಿನಲ್ಲಿ ಕಂಡರೆ, ಮುಂದೆ ಕೇಳಬೇಕಾದದ್ದು ಆ ಶಿಕ್ಷಕರು ಎಷ್ಟು ವರ್ಷಗಳಿಂದ ಆ ಶಾಲೆಯಲ್ಲಿದ್ದಾರೆ ಎಂಬುದನ್ನು.